ಎಂಟು ಡಿಗ್ರಿ

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ
ಜಬೀಉಲ್ಲಾ ಸಾಹೇಬರ ಅಂಗಡಿ.
ಹಿತ್ತಾಳೆ ಫಿಟಿಂಗುಗಳು ಹುರಿಗಡಲೆಯ ಹಾಗೆ
ಡಬ್ಬದ ತುಂಬ. ಒಂದಕ್ಕೆ ಮೂವತ್ತೈದು.
ಎಂಟು ಎಣಿಸುತ್ತ, "ಯಾವ ಗಾಡಿಗೆ?" ಅಂದರು.
ಅಂಬಾಸಿಡರ್ ಅಂದಿದ್ದರೆ ಮುಗಿಯುತ್ತಿತ್ತು.
"ಗಾಡಿಯಲ್ಲ ಸಾಹೇಬರೆ, ವಿಮಾನ. ಎರಡೇ ಸೀಟು.
ಕಮ್ಮಗೊಂಡನಹಳ್ಳಿಯ ಶೆಡ್ಡಿನಲ್ಲಿ
ನಾನೇ ಕಟ್ಟುತ್ತಿದ್ದೇನೆ."

ಅವರು ನಗಲಿಲ್ಲ.
ನಕ್ಕಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.
ಎಣಿಸಿದ್ದನ್ನು ಡಬ್ಬಕ್ಕೆ ವಾಪಸು ಸುರಿದು,
"ಇದು ಬ್ಯಾಡಮ್ಮ. ಕಾರಿಗೆ ಬ್ರೇಕು ಹೋದ್ರೆ
ಹ್ಯಾಂಡ್‌ಬ್ರೇಕಿದೆ, ಗೇರಿದೆ, ಏನೂ ಇಲ್ಲಾಂದ್ರೆ
ಯಾರ್ದೋ ಕಾಂಪೌಂಡಿದೆ.
ನಿಮಗೆ ಏನಿದೆ?"
ಚಹಾ ತರಿಸಿದರು. ಮಾಲು ಕೊಡಲಿಲ್ಲ.

ಏನಿದೆ?
ಬಸ್ಸಿನಲ್ಲಿ ನಿಂತು ಲೆಕ್ಕ ಹಾಕಿದೆ:
ರನ್‌ವೇ ಮುಗಿದಲ್ಲಿ ಹುಲ್ಲು,
ಹುಲ್ಲು ಮುಗಿದಲ್ಲಿ ಬೇಲಿ,
ಬೇಲಿಯಾಚೆ, ನಾನೀಗ ನಿಂತಿರುವಂಥದೇ
ಒಂದು ಬಸ್ಸು.

ಮರಿಯಣ್ಣಪಾಳ್ಯದ ಇನ್ನಾಸಪ್ಪನವರು
ಮೂವತ್ತೊಂದು ವರ್ಷ ಹೈಡ್ರಾಲಿಕ್ ಶಾಪಿನಲ್ಲಿದ್ದವರು.
ಎರಡು ತುಂಡು ಪೈಪಿನ ಬಾಯಿ ಅರಳಿಸಿ
ನನ್ನ ಅಂಗೈಗಿಟ್ಟರು. "ಯಾವುದು ಯಾವುದು, ಹೇಳು?"
ಎರಡೂ ಒಂದೇ ಕಂಡವು.
"ಕಾರಿಂದು ನಲವತ್ತೈದು ಡಿಗ್ರಿ, ನಿಂದು ಮೂವತ್ತೇಳು.
ಎಂಟೇ. ಗೋಡೆ ಗಡಿಯಾರದ ದೊಡ್ಡ ಮುಳ್ಳು
ಒಂದು ನಿಮಿಷ ಇಪ್ಪತ್ತು ಸೆಕೆಂಡು ನಡೆದಷ್ಟು.
ಇದನ್ನ ಅದಕ್ಕೆ ಬಿಗಿದರೂ ಕೂರುತ್ತೆ.
ಕೂತ ಹಾಗೆ ಮಾಡುತ್ತೆ.
ಮೊದಲನೇ ದಿನ ಸೋರೋದೂ ಇಲ್ಲ."

ಆಮೇಲೆ ನೀಲಿಯೋ ಕಪ್ಪೋ ಎಂಬ ಜಗಳ.
ನೀಲಿಯದು ಅಲ್ಯುಮಿನಿಯಂ, ಬಿಎಂಟಿಸಿ ಬಣ್ಣ,
ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ.
ಕಪ್ಪು ಉಕ್ಕು. ಗ್ರಾಮು ಗ್ರಾಮಿಗೂ ಅಳುವ ನಾನು
ಚಕ್ರದ ಹತ್ತಿರ, ಬಿಸಿಯಾಗುವ ಕಡೆ, ಉಕ್ಕನ್ನೇ ಒಪ್ಪಿದೆ.
ಉಳಿದ ಕಡೆ ನೀಲಿ.
ಇನ್ನು ಸಿಲಿಂಡರಿಗೆ ಹೋಗುವ ಆ ಮೊಣಕೈ!
ಬಿಗಿಯಾದಾಗ ಮೂತಿ ಬಾಗಿಲ ಕಡೆ,
ಮೂತಿ ಸರಿಯಾದಾಗ ಸಡಿಲ,
ಇನ್ನು ಕಾಲು ಸುತ್ತು ಕೊಟ್ಟರೆ ಸಿಲಿಂಡರೇ ಬಿರಿಯುತ್ತೆ.
ಪಕ್ಕದ ಪ್ಲಂಬರ್ ಹುಚ್ಚೀರ ಪಾಪ ಬಿಳಿ ಟೇಪು ತಂದುಕೊಟ್ಟ.
ಇನ್ನಾಸಪ್ಪ ಅದನ್ನು ಕಿಟಕಿಯಾಚೆ ಎಸೆದರು.

ರೆಕ್ಕೆ ನೋಡಲು ಬೀದಿಯೆಲ್ಲ ಬರುತ್ತದೆ.
ಮಕ್ಕಳು ಮುಟ್ಟಿ ಓಡುತ್ತವೆ.
"ಹಾರೋದು ಯಾವಾಗ?" ಎನ್ನುತ್ತಾರೆ ಹಾಲಿನವರು, ದಿನಾ.
ನಿಲ್ಲೋದು ಹೇಗೆ ಅಂತ ಕೇಳಿದ್ದು
ಫಿಟಿಂಗು ಕೊಡದ ಆ ಸಾಹೇಬರೊಬ್ಬರೇ.
ನಿಜ, ಮೇಲೆ ಇದಕ್ಕೆ ಕೆಲಸವಿಲ್ಲ.
ಅಷ್ಟೂ ಹೊತ್ತು ಸುಮ್ಮನೆ ಹೊತ್ತು ತಿರುಗುವ ತೂಕ,
ಕಾಲ ಬಳಿ ಕೂತು
ನೆಲವನ್ನು ನೆನೆಯುತ್ತಿರುತ್ತದೆ.

ಕೆಂಪು ಎಣ್ಣೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿದೆವು.
ಪೈಪಿನೊಳಗೆ ಒಂದೇ ಒಂದು ಗುಳ್ಳೆ
ಮೆಟ್ಟಿಲು ಹತ್ತುವ ಅಜ್ಜಿಯಂತೆ ನಿಂತು ನಿಂತು ಹತ್ತಿತು.
ಪೆಡಲಿಗೆ ರೀಪರು ಆನಿಸಿ, ಒತ್ತಿ,
ದರ್ಶಿನಿಯಿಂದ ತಂದ ಟಿಶ್ಯೂ ಕಾಗದವನ್ನು
ಎಂಟೂ ಕೀಲಿಗೆ ಸುತ್ತಿ ಮಲಗಿದೆ.
ಮಲಗಿದೆ ಅನ್ನುವುದು ಮಾತಿಗೆ.

ಬೆಳಿಗ್ಗೆ ಏಳು ಒಣಗಿದ್ದವು.
ಎಂಟನೆಯದರಲ್ಲಿ, ಎಡ ಚಕ್ರದ ಮೇಲೆ,
ಸೊಳ್ಳೆ ಹೊಡೆದಷ್ಟು ಕೆಂಪು.
ನಾನೊಬ್ಬಳೇ ಅರಳಿಸಿದ ಬಾಯಿ ಅದು.
ಫೋನಿನಲ್ಲಿ ಇನ್ನಾಸಪ್ಪ ಅಂದದ್ದು ಒಂದೇ ಮಾತು: "ಬಿಚ್ಚು."

ಬಿಚ್ಚಿದೆ. ಹಳೆಯ ಬಾಯಿ ಕತ್ತರಿಸಿ,
ಅಂಚು ತೀಡಿ, ಎಣ್ಣೆ ಸವರಿ,
ಉಸಿರು ಹಿಡಿದು ತಿರುಗಿಸಿದೆ.
ಒಂದು ಗೀರಿಲ್ಲ, ಬಿರುಕಿಲ್ಲ, ಸರಿಯಾಗಿ ಮೂವತ್ತೇಳು.
ಇಷ್ಟು ಚೆಂದದ್ದನ್ನು ನಾನು ಮಾಡೇ ಇರಲಿಲ್ಲ.
ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಆಗ ಕಂಡಿತು:
ಪೈಪಿಗೆ ಮೊದಲೇ ತೂರಿಸಬೇಕಿದ್ದ ನಟ್ಟು
ಮೇಜಿನ ಮೇಲೆ, ನೀಲಿಯಾಗಿ,
ನನ್ನನ್ನೇ ನೋಡುತ್ತಿತ್ತು.