ಲೈಟ್ ಹೊಳ್ಳಿದ್ದು

ತಾಳಿಕೋಟ್ಯಾಗ, ಬಾಗವಾನ ಸ್ಟುಡಿಯೋದಾಗ,
ಲಗ್ನದ ಮಂದಿ ಮಾರಿಮ್ಯಾಲ ಲೈಟ್ ಹಿಡಿಯೂದು ನನ್ನ ದಂಧೆ.
ಪುಣೆಯಿಂದ ಬಂದ ಕೇಳ್ಕರ್ ಬಾಯಾರು
ದಿನಕ್ಕ ಹನ್ನೆರಡು ರೂಪಾಯಿ, ಎರಡು ಹೊತ್ತು ರೊಟ್ಟಿ ಅಂದ್ರು.
ಡೋಣಿ ಆಚಿ ದಂಡಿಗೆ, ಮೊಹರಮ್ಮಿನ ಕತಲ್ ರಾತ್ರಿಗೆ.
ಮೈತುಂಬೂದನ್ನ ಫಿಲ್ಮಿನಾಗ ಹಿಡೀಬೇಕಾಗಿತ್ತು ಅವರಿಗೆ.

ಒಂದು ರೀಲಿಗೆ ಪಾವುಕಮ್ಮಿ ಮೂರು ಮಿನಿಟು.
ದೇವರಿಗೆ ಈ ಲೆಕ್ಕ ಯಾರು ಹೇಳಬೇಕು?

ಬಾಯಾರು ವಹಿಯಾಗ ಮೊದಲ ಗೆರಿ ಹೊಡದಿಟ್ಟಿದ್ರು:
ಉಸಿರು ಯಾವಾಗ ಏರಿತು, ಕಣ್ಣು ಯಾವಾಗ ತೇಲಿತು,
ಹಲಗಿ ಪೆಟ್ಟು ಮಿನಿಟಿಗೆ ಎಷ್ಟು.
ಪಂಜಾ ಹೊರಾಂವ ದಾವಲಪ್ಪ ತಳವಾರ
ಸಂಜಿಮುಂದ ಬಂದು, ಓದಾಕ ಬರದಿದ್ರೂ
ತನ್ನ ಹೆಸರಿನ ಮ್ಯಾಲ ಬೆರಳಿಟ್ಟು ನಕ್ಕ.
"ನಂದು ನನಗ ಗೊತ್ತಿರೂದಿಲ್ರಿ. ನೀವರೆ ಬರಕೋರಿ."

ಅಲಾಯಿ ಕುಣ್ಯಾಗ ಜಾಲಿ ಕೊಳ್ಳಿ, ಲೋಬಾನದ ಹೊಗಿ.
ಎರಡನೇ ಸುತ್ತಿಗೆ ಅವನ ಮೊಣಕಾಲು ನಡುಗಿತು,
ಆಮ್ಯಾಲ ದವಡಿ.
ಯಾರೋ ಪಂಜಾ ಕೊಟ್ರು. ಕೊಟ್ರೋ, ಅದಾ ಹೋತೋ.
ಕ್ಯಾಮರಾ ಗರಗರ ಅಂತಿತ್ತು, ಜ್ವಾಳಾ ಬೀಸಿದಂಗ.
ನಾ ಲೈಟ್ ಎತ್ತಿ ಹಿಡದಿದ್ದೆ.
ಅಂವ ತಿರುಗಿ ನನ್ನ ನೋಡಿದ.
ಅಂವ ನೋಡಿದ ಅನ್ನೂದು ತಪ್ಪು;
ಆ ಕಣ್ಣು ನನ್ನ ಕಡೆ ಇದ್ವು, ಅಷ್ಟ.
ನನ್ನ ರಟ್ಟಿ ತಾನಾಗೇ ಹೊಳ್ಳಿತು.
ಬೆಳಕು ಹೋಗಿ ಮಂದಿಮ್ಯಾಲ ಬಿತ್ತು, ಮೂರ್ನಾಕು ಸೆಕೆಂಡು,
ಬಾಯಾರು "ಅರೇ, ಲೈಟ್!" ಅಂತ ಚೀರೂತನಕ.
ತಿರುಗಿಸಿ ತರೂದ್ರಾಗ ರೀಲು ಮುಗದಿತ್ತು.

ಹೊಸ ರೀಲು ಹಾಕಿ, ಭಾಳ ಮೆಲ್ಲಗ,
ನಾಚಿಕೊಂಡ ಕೇಳಿದ್ರು ಬಾಯಾರು:
"ಇನ್ನೊಂದ್ಸಲ ಆಗ್ತದೇನು?"
ದಾವಲಪ್ಪ ಕುಂತು ನೀರು ಕುಡೀತಿದ್ದ.
ಅವನ ಹೇಣ್ತಿ ಗಂಗವ್ವ ಅಂಗಾಲಿನ ಬೂದಿ ಒರಸಿಕೋತ,
"ಯಾರನ್ನ ಕೇಳ್ತೀರವ್ವಾ?" ಅಂದ್ಲು.
ಗುಳ್ಳಿ ಒಂದೂ ಎದ್ದಿರಲಿಲ್ಲ. ಬಾಯಾರು ಅದನ್ನೂ ಬರಕೊಂಡ್ರು.
ಕೆಳಗ ನಂದೊಂದು ಸಾಲು:
ಲೈಟಿನವ ಹೆದರಿದ. ಈ ತುಂಡು ಕತ್ತರಿಸಬೇಕು.

ಮರುವರ್ಷ ಮಳಿಗಾಲದ ಕಡೀಕ
ಸಾಲಿ ಗ್ವಾಡಿಗೆ ಧೋತರ ಬಡದು ಪ್ರೊಜೆಕ್ಟರ್ ಹಚ್ಚಿದ್ರು.
ತನ್ನ ಮೈ ತಾ ನೋಡಿ ದಾವಲಪ್ಪ ಏನಂತಾನ,
ಟೇಪಿನಾಗ ಅದನ್ನೂ ಹಿಡಿಯಾಕ.
ಅಂವ ಸುಮ್ನ ನೋಡಿದ.
"ಬನೀನು ಹರದದ," ಅಂದ. ಮಂದಿ ನಕ್ರು.

ಆಗ ಬೆಳಕು ಹೊಳ್ಳಿತು.
ಮಂದಿ ಅಂಚಿಗೆ, ಯಾರದೋ ಸೊಂಟಕ್ಕ ಆತು ನಿಂತು
ಚೋಂಗೆ ತಿನ್ನೂ ಒಂದು ಹುಡುಗಿ,
ಝಳಕ್ಕ ಕಣ್ಣು ಕಿರಿದು ಮಾಡಿ, ಮೊಣಕೈ ಅಡ್ಡ ಹಿಡದು.
"ಲಾಲವ್ವ," ಅಂದ್ಲು ಗಂಗವ್ವ.

ಆ ಬ್ಯಾಸಗಿಗೆ ದಡಾರ ಒಯ್ದಿತ್ತು ಆಕಿನ್ನ.
ಫೋಟೋ ಅಂತ ಮನ್ಯಾಗ ಒಂದೂ ಇರಲಿಲ್ಲ.

"ನಿಂದರಸ್ರಿ."
"ನಿಂದರಸಿದ್ರ ದೀಪದ ಕಾವಿಗೆ ಸುಟ್ಟು ಹೋಗ್ತದವ್ವಾ," ಅಂದೆ ನಾ.
ಆ ಮಾತು ಆಡಬಾರದಿತ್ತು.
ಬಾಯಾರು ಏನೂ ಅನ್ನಲಿಲ್ಲ. ರೀಲು ಹಿಂದಕ ತಿರುವಿದ್ರು.
ಚೋಂಗೆ ಬಾಯಿಂದ ಕೈಗೆ ಬಂತು,
ಮತ್ತ ಕೈಯಿಂದ ಬಾಯಿಗೆ ಹೋತು.
ಹನ್ನೊಂದು ಸಲ. ಎಣಿಸಿದಾಂವ ನಾನು,
ಬಾಯಾರ ವಹಿ ಮುಚ್ಚಿತ್ತು.
ಏಳನೇದಕ್ಕೋ ಎಂಟನೇದಕ್ಕೋ
ದಾವಲಪ್ಪನ ಮೊಣಕಾಲು ನಡುಗಾಕ ಹತ್ತಿತು.
ಹಲಗಿ ಇಲ್ಲ, ಹೊಗಿ ಇಲ್ಲ.
ಗಂಗವ್ವ ಅವನ ತೊಡಿಮ್ಯಾಲ ಅಂಗೈ ಊರಿ ಕುಂತ್ಲು,
ಧೋತರದಿಂದ ಕಣ್ಣು ಕೀಳಲಿಲ್ಲ.

ಆ ತುಂಡು ಕತ್ತರಿಸಿದ್ರೋ ಇಲ್ಲೋ, ಗೊತ್ತಿಲ್ಲ.
ನಾ ಈಗೂ ಲಗ್ನಕ್ಕ ಹೋಗ್ತೀನಿ.
ಮದುಮಗನ ಮಾರಿ ಬಿಟ್ಟು, ಬೇಕಂತನ,
ಲೈಟ್ ಒಂದೀಟು ಅಂಚಿಗೆ ಹೊಳ್ಳಸ್ತೀನಿ,
ಊಟಕ್ಕ ಕಾಯೂ ಹುಡುಗರ ಕಡೆ.
ಬೈತಾರ. ಬೈಸಿಕೋತೀನಿ.