ಕೆಳಗಿಂದ ಶುರು

ರಾತ್ರಿ ಹನ್ನೊಂದೂವರೆಗೆ ನನಗೆ ಕೆಲಸ ಸಿಕ್ಕಿತು.
ಅರ್ಜಿ ಹಾಕಿರಲಿಲ್ಲ. ಶಿಫಾರಸಿಲ್ಲ, ಇಂಟರ್‌ವ್ಯೂ ಇಲ್ಲ.
ಹೆಸರು ಕೇಳಿತು, ಟೈಪು ಮಾಡಿದೆ: ಟಿ. ಗಂಗಾಧರ.
ಹಿಂದಿನ ಅನುಭವ? ಪಟ್ಟಿಯ ಕಟ್ಟಕಡೆಯ ಸಾಲು ಒತ್ತಿದೆ:
ಭಾನುವಾರದ ಆಟಗಾರ.
ಅದೂ ಸುಳ್ಳೇ. ಹೈಸ್ಕೂಲು ಮೈದಾನದಲ್ಲಿ
ಚರಂಡಿಗೆ ಬಿದ್ದ ಬಾಲು ತೆಗೆದುಕೊಡುತ್ತಿದ್ದವನು ನಾನು,
ಕ್ರಿಕೆಟ್ಟಿನ ಬಾಲು.

ಹೊರಗೆ ದಾವಣಗೆರೆ, ಮಿರ್ಚಿ ಕರಿದು ಆರಿದ ಎಣ್ಣೆಯ ವಾಸನೆ.
ಒಳಗೆ ಲಾಡ್ಜಿನ ಕೌಂಟರು, ಇಪ್ಪತ್ತೆರಡು ಮೊಳೆ,
ಹದಿನಾಲ್ಕಕ್ಕೆ ಕೀಲಿ ನೇತುಬಿದ್ದಿವೆ. ಅಂದರೆ ಎಂಟು ರೂಮು ಭರ್ತಿ.
ಇಲ್ಲೂ ನಾನು ಮ್ಯಾನೇಜರೇ, ಮೇಜಿನ ಮೇಲಿನ ಹಲಗೆಯ ಪ್ರಕಾರ.
ಫ್ಯಾನಿನ ರೆಗ್ಯುಲೇಟರು ಬದಲಿಸಬೇಕೆಂದರೂ
ಸಾಹುಕಾರ್ರಿಗೆ ಫೋನು ಹಚ್ಚಬೇಕು.

ಆಟ ಹಾಕಿಕೊಟ್ಟವನು ನಿಯಾಜ್. ಮಂಡಕ್ಕಿ ಭಟ್ಟಿಯ
ಮಸಿ ಮೆತ್ತಿದ ಬೆರಳಲ್ಲೇ ಪೆನ್‌ಡ್ರೈವ್ ಚುಚ್ಚಿ ಹೇಳಿದ:
"ದೊಡ್ಡ ಟೀಮು ತಗೋಬ್ಯಾಡಣ್ಣ, ನಾಕು ಮ್ಯಾಚ್ ಸೋತ್ರೆ ಕಿತ್ತಾಕ್ತಾರೆ.
ಕೆಳಗಿಂದ ಶುರು ಮಾಡು. ಯಾರೂ ನೋಡ್ದೇ ಇರೋ ಕಡೆ."

ಹಾಗೆ ಸಿಕ್ಕಿದ್ದು ಈ ಊರು. ನಾಲ್ಕನೇ ದರ್ಜೆ, ಚಳಿಯ ಸಮುದ್ರದ ದಂಡೆ.
ಹೆಸರು ನಾಲಿಗೆಗೆ ಹೊರಳದೆ
ಹರಿಹರ ಎಂದು ಕರೆದುಕೊಂಡೆ.
ಅಲ್ಲೂ ಒಂದು ಗಿರಣಿ ಇತ್ತಂತೆ, ಮುಚ್ಚಿತಂತೆ;
ಟೀಮಿನ ಲಾಂಛನದಲ್ಲಿ ಚಿಮಣಿಯೊಂದು ಉಳಿದಿದೆ.
ನಮ್ಮಪ್ಪನ ಗಿರಣಿಯ ಹಿತ್ತಾಳೆ ಬಿಲ್ಲೆ ಮನೆಯಲ್ಲಿ
ಸೂಜಿ ದಾರದ ಡಬ್ಬಿಯಲ್ಲಿದೆ. ಇರಲಿ, ಅದು ಬೇರೆ ಮಾತು.

ಮಂಡಳಿಯ ಮೊದಲ ಪತ್ರ:
ಸುಸ್ವಾಗತ. ಗೆಲ್ಲಲೇಬೇಕೆಂದಿಲ್ಲ, ಕೆಳಗಿಳಿಯದಿದ್ದರೆ ಸಾಕು.
ಖರೀದಿಗೆ ಹಣ: ಸೊನ್ನೆ.
ಸೊನ್ನೆಯನ್ನೂ ಎಷ್ಟು ಮರ್ಯಾದೆಯಿಂದ ಬರೆದಿದ್ದರು!
ನನಗೆ ಯಾರೂ ಹಾಗೆ ಬರೆದಿರಲಿಲ್ಲ.

ಒಂದು ಗಂಟೆ ಬರೀ ಓದಿದೆ. ಆಟಗಾರರೆಂದರೆ ಅಂಕಿಗಳು,
ಓಟ ಹನ್ನೊಂದು, ಹೆಡ್ಡಿಂಗ್ ಏಳು, ಧೈರ್ಯ ಹದಿನಾರು.
ಧೈರ್ಯಕ್ಕೂ ಇಪ್ಪತ್ತಕ್ಕಿಷ್ಟೆಂದು ಮಾರ್ಕು ಹಾಕಬಹುದೆಂದು
ಯಾರಾದರೂ ಮೊದಲೇ ಹೇಳಬಾರದಿತ್ತೇ.
ತಡವಾಗಿ ಬಂದ ಗಿರಾಕಿಯ ಆಧಾರ್ ನಂಬರು ಬರೆದುಕೊಳ್ಳುತ್ತ
ನಾನೂ ಹಾಕಿದೆ: ಇಳಕಲ್ಲಿನ ಸೀರೆ ವ್ಯಾಪಾರಿ, ತಾಳ್ಮೆ ಐದು;
ಹಿಂದೆ ನಿಂತ ಅಳಿಯ, ನಿಷ್ಠೆ ಹತ್ತೊಂಬತ್ತು, ಗಂಟು ಹೊರುವುದು ಇಪ್ಪತ್ತು.

ನಾಲ್ಕು-ನಾಲ್ಕು-ಎರಡು ನಿಲ್ಲಿಸಿದೆ, ಅದೊಂದೇ ಗೊತ್ತಿದ್ದದ್ದು.
ಹಸಿರಿನ ಮೇಲೆ ಹನ್ನೊಂದು ಅಂಗಿ,
ಮಹಡಿಯಲ್ಲಿ ಒಣಹಾಕಿದ ದಿಂಬಿನ ಕವರಿನ ಹಾಗೆ.
ಮೊದಲ ಸ್ನೇಹಪಂದ್ಯ, ಮೂರು-ಸೊನ್ನೆ, ಸೋಲು.
ಎರಡನೆಯದು ಒಂದು-ಒಂದು.
ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ.
ನೋಡಿದ್ದು ಟ್ಯೂಬ್‌ಲೈಟಿನ ಹಲ್ಲಿ.

ಎರಡು ಗಂಟೆಗೆ ಇನ್ನೊಂದು ಪತ್ರ.
ಗೋಲ್‌ಕೀಪರ್, ವಯಸ್ಸು ಮೂವತ್ತೇಳು, ಹದಿನೇಳು ವರ್ಷ ಇದೇ ಟೀಮು.
ಸಂಬಳ ಭಾರವಾಗಿದೆ. ಮಂಡಳಿಯ ಸಲಹೆ: ಬಿಟ್ಟುಬಿಡಿ.
ಕೆಳಗೆ ಎರಡು ಬಟನ್ನು.
ಜಿಗಿತ, ಆರು. ಕೈ ಹಿಡಿತ, ಹದಿನೈದು.

ಕೊಟ್ರಪ್ಪ ಮೆಟ್ಟಿಲ ಕೆಳಗೆ ಮಲಗಿದ್ದಾನೆ,
ತಲೆಯ ಹತ್ತಿರ ಬಕೆಟ್ಟು, ಬಕೆಟ್ಟಿನಲ್ಲಿ ಮಗ್ಗು.
ಸೋಮವಾರ ಸಾಹುಕಾರ್ರು ಅಂದಿದ್ದರು:
"ಮುದುಕಂಗೆ ನೀನೇ ಹೇಳ್ಬಿಡಪ, ತಿಂಗಳ ಕೊನೀಗೆ. ಮ್ಯಾನೇಜರ್ ಅಲ್ಲೇನು ನೀನು?"
ಶುಕ್ರವಾರವೂ ದಾಟಿತು.
ಈವರೆಗೆ ನಾನು ಅವನಿಗೆ ಹೇಳಿದ್ದು,
ಹನ್ನೆರಡನೇ ನಂಬರಿಗೆ ಬಿಸಿನೀರು.

ಗೋಲ್‌ಕೀಪರಿಗೆ ಇನ್ನೊಂದು ವರ್ಷ ಬರೆದೆ,
ಸಂಬಳ ತುಸು ಇಳಿಸಿ. ಚೌಕಾಸಿ ಮಾಡದೆ ಒಪ್ಪಿಕೊಂಡ,
ಅದು ನನಗೆ ಯಾಕೋ ಹಿಡಿಸಲಿಲ್ಲ.
ಮಂಡಳಿಯ ನಂಬಿಕೆಯ ಪಟ್ಟಿಯಲ್ಲಿ ಒಂದು ಗೆರೆ ಇಳಿಯಿತು.
ಕಂಪ್ಯೂಟರು ಕೇಳಿತು: ಉಳಿಸಲೇ?
ಕನ್ನಡದಲ್ಲೇನೂ ಕೇಳಲಿಲ್ಲ. ನನಗೆ ಹಾಗೆ ಕೇಳಿಸಿತು.

ನಾಲ್ಕೂವರೆಗೆ ಗಂಟೆ ಬಾರಿಸಿದರು, ರೈಲಿಳಿದು ಬಂದ ಗಂಡ ಹೆಂಡತಿ, ಮಲಗಿದ ಮಗು.
"ಕೊಟ್ರಪ್ಪ, ಏಳನೇ ನಂಬರು" ಎಂದು
ಕೌಂಟರಿನಿಂದಲೇ ಕೀಲಿ ಎಸೆದೆ.
ಅರೆನಿದ್ದೆಯಲ್ಲಿ, ಕಣ್ಣು ಪೂರ್ತಿ ತೆರೆಯದೆ,
ಒಂದೇ ಕೈಯಲ್ಲಿ ಹಿಡಿದ.

ಶನಿವಾರ. ಲೀಗಿನ ಮೊದಲ ಪಂದ್ಯ, ತವರಿನಲ್ಲಿ.
ಹತ್ತಕ್ಕೆ ಸಾಹುಕಾರ್ರು ಬರುತ್ತಾರೆ.