ಇಪ್ಪತ್ತಮೂರು ಕಿಲೋ

ಲುವಾಂಡಾದಿಂದ ಸಾವೊ ಪಾವ್ಲೊಗೆ ಎಷ್ಟು ದೂರ
ಎಂದು ಸಾಲಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.
ಆರೂವರೆ ಸಾವಿರ ಕಿಲೋಮೀಟರು, ಎಂಟು ಗಂಟೆ, ಎನ್ನುತ್ತೇನೆ,
ಕಣ್ಣು ತಕ್ಕಡಿಯ ಮೇಲೆ.
ನಾನು ಹಾರಿದವಳಲ್ಲ. ತೂಗುವವಳು.

ನಮ್ಮಲ್ಲಿ ಅವಳಿ ಹುಟ್ಟಿದರೆ ಹೆಸರು ಹುಡುಕಬೇಕಿಲ್ಲ:
ಮೊದಲು ಬಂದದ್ದು ಜಾಂಬಾ, ಆನೆ;
ಹಿಂದಿನಿಂದ ಬಂದದ್ದು ಹೊಸ್ಸಿ, ಸಿಂಹ.
ಅವರ ಬೆನ್ನಿಗೆ ಬಂದ ನಾನು ಕಸಿಂಡಾ;
ನನ್ನ ಪಾಲಿಗೆ ಪ್ರಾಣಿ ಉಳಿದಿರಲಿಲ್ಲ.

ಆನೆ ವ್ಯಾಪಾರಕ್ಕಿಳಿದಳು. ಸಿಂಹ ಆಚೆ ದಡದ
ಬ್ರಾಸ್ ಬೀದಿಯಲ್ಲಿ ಜೀನ್ಸಿಗೆ ಜಿಪ್ ಹೊಲಿಯುತ್ತಾಳೆ.
ಹತ್ತು ನಿಮಿಷ ಚಿಕ್ಕವಳಾಗಿದ್ದವಳು ಈಗ
ನಾಲ್ಕು ಗಂಟೆ ಹತ್ತು ನಿಮಿಷ ಚಿಕ್ಕವಳು.
ಹುಟ್ಟಿದ ದಿನ ನಡುರಾತ್ರಿಗೆ ಜಾಂಬಾ ಫೋನು ಮಾಡಿದರೆ
"ನನಗಿನ್ನೂ ನಿನ್ನೆ, ಸುಮ್ಮನೆ ಮಲಗು" ಎನ್ನುತ್ತಾಳೆ.

ವರ್ಷಕ್ಕೆ ಐದು ಸಲ ಜಾಂಬಾ ಹೋಗಿ ಬರುತ್ತಾಳೆ.
ನಡುರಾತ್ರಿ ಹೊರಟು ಎಂಟು ಗಂಟೆ ಹಾರಿದರೂ
ಅಲ್ಲಿ ಇನ್ನೂ ನಾಲ್ಕು. ಬೆಳಗಿನ ಜಾವದ ಸಂತೆ
ಆಗಷ್ಟೇ ಗಂಟು ಬಿಚ್ಚುತ್ತಿರುತ್ತದೆ.
ಆಕಾಶ ನಾಲ್ಕು ಗಂಟೆ ಸಾಲ ಕೊಡುತ್ತದಂತೆ;
ಬರುವಾಗ ಎಣಿಸಿ ಕಿತ್ತುಕೊಳ್ಳುತ್ತದಂತೆ,
ಬಡ್ಡಿಗೆ ಕಾಲು ಊದಿಸಿ.
ಹೊಸ್ಸಿ ಮಾತ್ರ ಹದಿನಾರು ವರ್ಷದಿಂದ
ಆ ಸಾಲ ತೀರಿಸಿಲ್ಲ.

ಅಜ್ಜಿಯ ಮಾತಿನಲ್ಲಿ ಕಡಲಿಗೂ ಸಾವಿಗೂ ಒಂದೇ ಪದ: ಕಲುಂಗಾ.
ಹಿಂದೆ ಹಡಗಿನ ಹೊಟ್ಟೆಯಲ್ಲಿ ಇದೇ ದಾರಿ ಹೋದವರಿಗೆ
ದೂರ ಎಷ್ಟೆಂದು ಕೇಳಲು ಯಾರೂ ಇರಲಿಲ್ಲ;
ತೂಗಿದ್ದು ಮಾತ್ರ ಹೌದು.
ಅದು ನೆನಪಾದ ದಿನ
ಚೀಟಿ ಅಂಟಿಸುವ ಕೈ ತಡವರಿಸುತ್ತದೆ.

ನಿನ್ನೆ ಜಾಂಬಾ ನನ್ನ ಸಾಲಿಗೇ ಬಂದಳು.
ಇಪ್ಪತ್ತೈದೂವರೆ. ಅಕ್ಕಾ, ಎರಡೂವರೆ ಇಳಿಸು, ಎಂದೆ.
ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಚೀಲ ಬಿಚ್ಚಿದಳು:
ಮರಗೆಣಸಿನ ಹಿಟ್ಟು, ಒಣಮೀನು,
ಅಮ್ಮನ ಒನಕೆ, ಚೀಲದ ಮೂಲೆ ಹರಿದು ಒಂದು ಗೇಣು ಹೊರಕ್ಕೆ.
ಮೀನು ತೆಗೆದಳು, ಇಟ್ಟಳು. ಹಿಟ್ಟು ತೆಗೆದಳು, ಇಟ್ಟಳು.
ಒನಕೆಗೆ ಕೈ ಹೋಗಲಿಲ್ಲ.
"ಹೊಸ್ಸಿ ಇದೊಂದನ್ನೇ ಕೇಳಿದ್ದು" ಎಂದಳು,
"ಮಣ್ಣಿಗೆ ಬರಲಾಗದವಳು."

ಮೇಲ್ವಿಚಾರಕ ಆಕಳಿಸುತ್ತಿದ್ದ.
ಕೌಂಟರಿನ ಮರೆಯಲ್ಲಿ ಶೂ ಕಳಚಿದೆ.
ಹೊರಚಾಚಿದ ಒನಕೆಯ ತುದಿಗೆ ಹೆಬ್ಬೆರಳು ಕೊಟ್ಟು
ಮೆಲ್ಲಗೆ ಎತ್ತಿದೆ,
ಆರರ ವಯಸ್ಸಿನಲ್ಲಿ ಅದೇ ಒನಕೆ ಬಿದ್ದು
ಉಗುರು ಸೊಟ್ಟಗಾದ ಬೆರಳು.
ಕೆಂಪು ಅಂಕಿ ಇಳಿಯಿತು: ಇಪ್ಪತ್ನಾಲ್ಕು. ಇಪ್ಪತ್ತಮೂರೂವರೆ.
ಇಪ್ಪತ್ತಮೂರು.
ಚೀಟಿ ಅಂಟಿಸಿ ಬೆಲ್ಟು ಒತ್ತಿದೆ.

ಹಿಂದಿದ್ದವನು ಮುಂದೆ ಬಂದು ಕೇಳಿದ, ಎಷ್ಟು ಹೊತ್ತಿನ ದಾರಿ?
ಬೆರಳು ಇನ್ನೂ ಶೂವಿನೊಳಗೆ ಹೋಗಿರಲಿಲ್ಲ.
ಎಂಟು ಗಂಟೆ, ಎಂದೆ.